ಸದ್ದಿಲ್ಲದ ಮೋಟಾರು

“ಮೆಲ್ಲಗೆ ತಿರುಗಿಸ್ರೇ, ದರಿದ್ರದವರೇ! ಹೆಪ್ಪು ಒಡೆದ್ರೆ ಊರೆಲ್ಲ ಕೊಳೆತ ಎಲೆ ಕುಡಿಯುತ್ತೆ!”

ಊರಿನ ಮೇಲೆ ನಮ್ಮ ನೀರಿನ ಘಟಕದ ಸಾಹೇಬನಿಗೆ ಅಷ್ಟು ಪ್ರೀತಿ. ಅವನು ಕುಡಿಯುವುದು ಮಾತ್ರ ಬಾಟಲಿ ನೀರು.

ಕೆರೆಗೆ ಬಿದ್ದ ಎಲೆ ಕೊಳೆತು ನೀರು ಚಹಾದ ಬಣ್ಣಕ್ಕೆ ಬರುತ್ತದೆ. ಅದಕ್ಕೆ ಪಟಿಕ ಹಾಕಿ, ತೊಟ್ಟಿಯೊಳಗಿನ ಹಲಗೆಗಳನ್ನು ನಿಧಾನವಾಗಿ ತಿರುಗಿಸಿದರೆ ಕೊಳೆ ಹೆಪ್ಪುಗಟ್ಟಿ ತಳ ಸೇರುತ್ತದೆ. ತಿರುಗಿಸುತ್ತಿದ್ದ ಮೋಟಾರು ಸುಟ್ಟುಹೋಗಿ ಒಂದು ಮಳೆಗಾಲವೇ ಕಳೆಯಿತು. ಹೊಸದು ತಂದಾಯಿತೆಂದು ಸಾಹೇಬ ಮೇಲಿನವರಿಗೆ ಬರೆದು ಕಳಿಸಿದ. ತಂದದ್ದು ನನ್ನನ್ನು, ನನ್ನ ಸೊಸೆಯನ್ನು. ಗೋಡೆಯ ಹಿಂದಿನ ಕೋಣೆಯಲ್ಲಿ ನಾವು ಕಬ್ಬಿಣದ ಚಕ್ರ ತಿರುಗಿಸುತ್ತೇವೆ, ಹೊರಗೆ ಹಲಗೆಗಳು ತಿರುಗುತ್ತವೆ.

ಸೊಸೆಗೆ ಏಳು ತಿಂಗಳು. ನಿನ್ನೆಯಿಂದ ಹೊಟ್ಟೆ ಬಿಗಿಯುತ್ತಿದೆ. ಕೈಮುಗಿದು ಕೇಳಿದೆ.

“ಇವತ್ತೊಂದಿನ ಇವಳನ್ನ ಬಿಟ್ಬಿಡಿ ಸಾಹೇಬ್ರೇ. ಮಗು ಉಳಿಯಲ್ಲ.”

“ಬಸುರಾಗೋವಾಗ ನನ್ನ ಕೇಳಿದ್ಲೇನೇ? ದೊಡ್ಡ ಸಾಹೇಬ್ರು ಬರ್ತಿದಾರೆ. ಒಳಗೆ ಕೆಮ್ಮಿದ್ರೂ ಚರ್ಮ ಸುಲೀತೀನಿ.”

ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಬೂಟುಗಳ ಸದ್ದು. “ಏನ್ರೀ ಇದು, ಮೋಟಾರು ಓಡೋದೇ ಗೊತ್ತಾಗಲ್ವಲ್ಲ!” ದೊಡ್ಡ ಸಾಹೇಬ ಮೆಚ್ಚಿಕೊಂಡ. “ಒಳಗೆ ಹೋಗಿ ನೋಡೋಣ್ವಾ?”

“ಬೇಡಿ ಸರ್, ಕರೆಂಟು, ಅಪಾಯ.”

ಓದಿದವರ ತಲೆ! ನನಗೆ ನಗು ಬಂತು, ಅಷ್ಟರಲ್ಲಿ ಸೊಸೆ ಹೊಟ್ಟೆ ಹಿಡಿದು ಕುಸಿದಳು.

“ಅತ್ತೇ, ಆಗಲ್ಲ.”

“ಬಿಡೇ ಕೈ,” ಎಂದೆ. ನಾನೂ ಬಿಟ್ಟೆ.

ಹಲಗೆಗಳು ನಿಂತವು. “ಏನಾಯ್ತ್ರೀ, ನಿಂತೇಹೋಯ್ತಲ್ಲ?” ಹೊರಗೆ ದೊಡ್ಡ ಸಾಹೇಬನ ದನಿ.

“ಫ್ಯೂಸ್ ಇರ್ಬೇಕು ಸರ್, ಈಗ ಬಂದೆ.” ಸಾಹೇಬ ಓಡಿಬಂದು, ಒಳಗೆ ನುಗ್ಗಿ, ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ. “ತಿರುಗಿಸ್ರೇ ಮುಂಡೇರಾ! ನನ್ನ ಕೆಲಸ ಹೋಗುತ್ತೆ!”

“ಹೋಗ್ಲಿ. ಇವಳ ಮಗುನೇ ಹೋಗ್ತಾ ಇದೆ.”

ಹೊಡೆಯಲು ಕೈ ಎತ್ತಿದ. ಹೊಡೆದರೆ ನಾನು ಕಿರುಚುತ್ತೇನೆಂದು ಹೊಳೆದಿರಬೇಕು, ಅದೇ ಕೈಯಲ್ಲಿ ಚಕ್ರ ಹಿಡಿದ. ಎರಡು ಸುತ್ತಿಗೇ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಥೂ, ಬಸುರಿ ಹೆಂಗಸಿನಷ್ಟೂ ಕಸುವಿಲ್ಲ.

“ಹಾಂ, ಓಡ್ತು ಓಡ್ತು!” ಹೊರಗೆ ದೊಡ್ಡ ಸಾಹೇಬನ ಖುಷಿ.

ಸೊಸೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಬಾಗಿಲನ್ನು ಜಾಡಿಸಿ ಒದ್ದೆ. ಕದ ಗೋಡೆಗೆ ಬಡಿಯಿತು.

“ಬನ್ನಿ ಸ್ವಾಮಿ, ನಿಮ್ಮ ಮೋಟಾರು ಇಲ್ಲಿದೆ, ಕಣ್ತುಂಬ ನೋಡ್ಕೊಳ್ಳಿ. ಆಮೇಲೆ ದಾರಿ ಬಿಡಿ, ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

ದೊಡ್ಡ ಸಾಹೇಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಳಗೆ ನಮ್ಮ ಸಾಹೇಬ ಇನ್ನೂ ತಿರುಗಿಸುತ್ತಲೇ ಇದ್ದ.