ಸಲೋಮಿ ಚಿಕ್ಕಮ್ಮನ ಹೊಲಿಗೆ

ಕನ್ನಡಕ ಸಲೋಮಿ ಚಿಕ್ಕಮ್ಮನದು. ಅದನ್ನು ಹಾಕಿಕೊಂಡು ಕೂತಿದ್ದವಳು ಅಲ್ಮೀಡ.

ಚಳಿಗಾಲದುದ್ದಕ್ಕೂ ಗುರುವಾರಗಳಂದು ನಮ್ಮ ಕ್ರೈಸ್ತ ಸಭೆಯ ಹೆಂಗಸರು ಅಲ್ಮೀಡಳ ಮನೆಯಲ್ಲಿ ಕೌದಿ ಹೊಲಿಯಲು ಸೇರುತ್ತಿದ್ದರು. ಮುಂದಿನ ಕೋಣೆಯಲ್ಲಿ ದೊಡ್ಡ ಮರದ ಚೌಕಟ್ಟು. ಅದಕ್ಕೆ ಬಟ್ಟೆ ಬಿಗಿದು, ಸುತ್ತ ಕುರ್ಚಿ ಹಾಕಿಕೊಂಡು, ಒಬ್ಬೊಬ್ಬರು ತಮ್ಮ ಮುಂದಿನ ಭಾಗವನ್ನು ಹೊಲಿಯುವುದು. ಬೇಸಿಗೆಗೆ ಮುಂಚೆ ಆ ಕೌದಿಗಳೆಲ್ಲ ಹರಾಜಿಗೆ ಹೋಗುತ್ತಿದ್ದವು, ದೂರದ ಹಸಿದವರ ಹೆಸರಿನಲ್ಲಿ. ಆ ದಿನ ಸಲೋಮಿ ಚಿಕ್ಕಮ್ಮನನ್ನು ಕರೆದೊಯ್ಯಲು ಅವರ ಮಗನ ಕುದುರೆಗಾಡಿ ಬೇಗ ಬಂತು. ಎಂಬತ್ತರ ಹತ್ತಿರದ ಮುದುಕಿ ಎದ್ದು, ಕಪ್ಪು ಟೋಪಿಯ ದಾರ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು ಹೊರಟರು. ಕನ್ನಡಕ ಚೌಕಟ್ಟಿನ ಅಂಚಿನ ಮೇಲೆ ಉಳಿಯಿತು.

ಎರ್ಮಾ ಎಂಬ ಹುಡುಗಿ, ಈಚೆಗಷ್ಟೇ ಮದುವೆಯಾದವಳು, ಬಗ್ಗಿ ಚಿಕ್ಕಮ್ಮನ ಹೊಲಿಗೆ ನೋಡಿದಳು. "ಅಲ್ಮೀಡಕ್ಕ, ಇಲ್ಲಿ ಕೋಳಿ ಓಡಾಡಿದೆ ನೋಡಿ. ನಾಳೆ ನಿಮಗೆ ಬಿಚ್ಚೋ ಕೆಲಸ ಜಾಸ್ತಿನೇ ಇದೆ."

ಎಲ್ಲರೂ ನಕ್ಕರು. ಅಲ್ಮೀಡಳಿಗೆ ಏನನ್ನಿಸಿತೋ, ಕನ್ನಡಕ ತೆಗೆದು ಮೂಗಿನ ತುದಿಗೆ ಇಟ್ಟುಕೊಂಡಳು. ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರದ ತುದಿಯನ್ನು ನಾಲಿಗೆಗೆ ಒರೆಸಿ, ಸೂಜಿಯ ಕಣ್ಣು ಬಿಟ್ಟು ಗಾಳಿಯನ್ನೇ ಚುಚ್ಚಿದಳು. "ಈಗಿನ ಸೂಜಿಗಳಿಗೆ ಕಣ್ಣೇ ಇಡೋದಿಲ್ಲ ಕಣ್ರೇ," ಎಂದು ಚಿಕ್ಕಮ್ಮನ ನಡುಗುವ ದನಿಯಲ್ಲೇ ಹೇಳಿದಳು. ಅದು ಚಿಕ್ಕಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು. ಎರ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಮೀಡ ಇನ್ನೊಮ್ಮೆ ಗಾಳಿಗೆ ಚುಚ್ಚಿದಳು.

ನಗು ಬಾಗಿಲ ಕಡೆಯಿಂದ ನಿಲ್ಲುತ್ತಾ ಬಂತು.

"ನನ್ನ ಕನ್ನಡಕ ಇಲ್ಲೇ ಬಿಟ್ಟೆ ಅನ್ಸುತ್ತೆ," ಎಂದರು ಸಲೋಮಿ ಚಿಕ್ಕಮ್ಮ. ಹೊಸ್ತಿಲಲ್ಲಿ ನಿಂತಿದ್ದರು.

ಅಲ್ಮೀಡ ಕನ್ನಡಕ ಕಿತ್ತು, ಏಳುವಾಗ ಕುರ್ಚಿ ಬೀಳಿಸಿ, ಹೋಗಿ ಅವರ ಕೈಗಿಟ್ಟಳು. "ಇಲ್ಲೇ ಇತ್ತು ಚಿಕ್ಕಮ್ಮ."

"ಒಳ್ಳೇದಾಗ್ಲಿ ಮಗಾ." ಅವರು ಅದನ್ನು ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದರು.

"ಅವರಿಗೆ ಕಾಣ್ಸಿರಲ್ಲ," ಎಂದಳು ಎರ್ಮಾ, ಗಾಡಿ ಹೊರಟ ಮೇಲೆ. "ಅಷ್ಟು ದೂರದಿಂದ ಅವರಿಗೆ ಏನೂ ಕಾಣ್ಸಲ್ಲ."

ಎಲ್ಲರೂ ಸೂಜಿ ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಅಲ್ಮೀಡ ಎಂದಿನಂತೆ ಚಿಕ್ಕಮ್ಮನ ಹೊಲಿಗೆ ಬಿಚ್ಚಲು ಕೂತಳು. ಎರಡು ಚಳಿಗಾಲಗಳಿಂದ ಅವಳೇ ಅದನ್ನು ಬಿಚ್ಚಿ, ಅದೇ ಗೆರೆಯ ಮೇಲೆ ಸಣ್ಣಗೆ ಮತ್ತೆ ಹೊಲಿಯುತ್ತಿದ್ದಳು. ಕೌದಿ ಚೆನ್ನಾಗಿ ಹೋಗಲಿ ಎಂದು. ಮುದುಕಿಗೆ ನೋವಾಗದಿರಲಿ ಎಂದು. "ನನ್ನ ಹೊಲಿಗೆ ಇನ್ನೂ ನೆಟ್ಟಗಿದೆಯಾ?" ಎಂದು ಚಿಕ್ಕಮ್ಮ ಕೇಳಿದಾಗಲೆಲ್ಲ, "ಮೊದಲಿನ ಹಾಗೇ ಇದೆ" ಎನ್ನುತ್ತಿದ್ದಳು. ಅದನ್ನು ಕರುಣೆ ಎಂದೇ ತಿಳಿದಿದ್ದಳು. ಈಗ ಕತ್ತರಿಯ ತುದಿ ದಾರದ ಕೆಳಗೆ ತೂರುವಾಗ ಅವಳಿಗೆ ಒಂದು ಅನುಮಾನ ಹುಟ್ಟಿತು. ಕರುಣೆಯಿಂದ ಬಿಚ್ಚುವ ಕೈಗೆ ಅಷ್ಟು ಚೆನ್ನಾಗಿ ಅಣಕಿಸಲು ಬರುತ್ತಿತ್ತೇ? ಒಮ್ಮೆ ನೋಡಿದ್ದನ್ನು ಹಾಗೆ ಮಾಡಿ ತೋರಿಸಲಾಗುವುದಿಲ್ಲ. ಎರಡು ವರ್ಷ ಅವಳು ಚಿಕ್ಕಮ್ಮನನ್ನು ಹಾಗೆ ನೋಡುತ್ತಾ ಬಂದಿದ್ದಳು.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಎರಡು ವಾರ ಮುಂಚೆ ನಮ್ಮಲ್ಲಿ ವಿಚಾರಣೆಯ ಭಾನುವಾರ ಬರುತ್ತದೆ. ಬಿಷಪ್ಪರೂ ಸಭಾಸೇವಕನೂ ಬೆಂಚಿನಿಂದ ಬೆಂಚಿಗೆ ಬರುತ್ತಾರೆ. ಒಬ್ಬೊಬ್ಬರೂ ಮೆಲ್ಲಗೆ ಹೇಳಬೇಕು: ದೇವರೊಂದಿಗೂ ಮನುಷ್ಯರೊಂದಿಗೂ ನನಗೆ ಸಮಾಧಾನವಿದೆ, ಭೋಜನಕ್ಕೆ ಬರುವ ಮನಸ್ಸಿದೆ. ಸಮಾಧಾನ ಇಲ್ಲದವರು ಇಲ್ಲ ಎನ್ನಬೇಕು. ಆಮೇಲೆ ಸಭಾಸೇವಕ ಅವರ ಮನೆಗೆ ಹೋಗಿ ಕೂತು, ಯಾರ ಜೊತೆ ಏನು ಎಂದು ಕೇಳಿ ಸರಿಪಡಿಸಬೇಕು. ನಮ್ಮ ಸಭಾಸೇವಕ ಆಮ್ಸಿ, ಅಲ್ಮೀಡಳ ಗಂಡ.

ಆ ಭಾನುವಾರ ಸಲೋಮಿ ಚಿಕ್ಕಮ್ಮ ಅಲ್ಮೀಡಳ ಪಕ್ಕದಲ್ಲೇ ಕೂತಿದ್ದರು. ಬಿಷಪ್ ಎನೋಸ್ ಬಗ್ಗಿದರು. ಚಿಕ್ಕಮ್ಮ ಟೋಪಿಯ ದಾರ ಸರಿಮಾಡಿಕೊಂಡರು. ಅಲ್ಮೀಡ ತನ್ನ ಕೈಗಳನ್ನೇ ನೋಡುತ್ತಿದ್ದಳು. "ಸಮಾಧಾನವಿದೆ," ಎಂದರು ಚಿಕ್ಕಮ್ಮ.

ಹಾಗಾದರೆ ಅವರಿಗೆ ಕಾಣಿಸಿರಲಿಲ್ಲ. ಕಂಡಿದ್ದರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅವರಿಗೇ ಸಮಾಧಾನವಿದ್ದ ಮೇಲೆ ತನಗೇಕಿಲ್ಲ? ಇಷ್ಟನ್ನೂ ಅಲ್ಮೀಡ ಒಂದು ಉಸಿರಿನೊಳಗೆ ಯೋಚಿಸಿದಳು. ತಲೆ ಎತ್ತಿದಾಗ ಎದುರಿಗಿದ್ದದ್ದು ಬಿಷಪ್ಪರ ಮುಖವಲ್ಲ, ಅವರ ಹಿಂದೆ ನಿಂತ ಆಮ್ಸಿಯ ಮುಖ. ಹೆಂಡತಿಯ ಉತ್ತರ ಏನಿರಬಹುದೆಂದು ಅವನಿಗೆ ಕುತೂಹಲವೇ ಇರಲಿಲ್ಲ. ಆಗಲೇ ಮುಂದಿನವರ ಕಡೆ ಅರ್ಧ ತಿರುಗಿದ್ದ.

"ಸಮಾಧಾನವಿದೆ," ಎಂದಳು ಅಲ್ಮೀಡ.

ಆ ವಾರ ಹಾಲು ಕರೆಯುವಾಗ, ಬಟ್ಟೆ ಹರವುವಾಗ ಮತ್ತೆ ಮತ್ತೆ ಅದೇ ಲೆಕ್ಕಾಚಾರ: ಇನ್ನೊಬ್ಬರ ಸಮಾಧಾನವನ್ನು ನನ್ನದೆಂದು ಹೇಳಿಬಿಟ್ಟೆ. ಕೊನೆಗೆ ಎರಡನೆಯ ವಾರದ ಒಂದು ಮಧ್ಯಾಹ್ನ ಸೇಬಿನ ಕಡುಬು ಮಾಡಿ, ಅದನ್ನೇ ನೆಪ ಮಾಡಿಕೊಂಡು ಗಾಡಿ ಕಟ್ಟಿದಳು.

ಮಗನ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಸಲೋಮಿ ಚಿಕ್ಕಮ್ಮ ಇದ್ದರು. ಕಿಟಕಿಯ ಬಳಿ ಕೂತು ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದರು. ಕನ್ನಡಕ ಮೇಜಿನ ಮೇಲಿತ್ತು.

"ಕಡುಬು ತಂದಿದ್ದೀಯ," ಎಂದರು, ತಟ್ಟೆ ಮೂಸಿ. "ಹಾಗಾದ್ರೆ ದೊಡ್ಡ ವಿಷಯಾನೇ ಇರ್ಬೇಕು. ಸಣ್ಣ ವಿಷಯಕ್ಕೆ ನೀನು ಬಿಸ್ಕತ್ತು ತರೋಳು."

ಅಲ್ಮೀಡಳಿಗೆ ನಗಲಾಗಲಿಲ್ಲ. "ಚಿಕ್ಕಮ್ಮ, ಆವತ್ತು ನೀವು ಕನ್ನಡಕಕ್ಕೆ ಅಂತ ವಾಪಸ್ ಬಂದಾಗ..."

"ಬೆಚ್ಚಗಿತ್ತು."

"ಏನು?"

"ಕನ್ನಡಕ. ಕೈಗೆ ಕೊಟ್ಟೆಯಲ್ಲ, ಬೆಚ್ಚಗಿತ್ತು. ಯಾರದೋ ಮುಖದ ಮೇಲೆ ಇತ್ತು ಅಂತ ಗೊತ್ತಾಯ್ತು." ಅವರು ಸೂಜಿ ನಿಲ್ಲಿಸಲಿಲ್ಲ. "ದನಿ ನಂದೇ ಆಗಿತ್ತು. ನಾನೇ ಒಳಗೆ ಕೂತು ಮಾತಾಡ್ತಿದ್ದೀನಾ ಅನ್ನಿಸ್ತು. ಚೆನ್ನಾಗಿ ಮಾಡಿದೆ."

ಅಲ್ಮೀಡ ಕೂತಲ್ಲೇ ಕುಗ್ಗಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ಶುಕ್ರವಾರಗಳ ಬಗ್ಗೆ, ಬಿಚ್ಚುವ ಬಗ್ಗೆ.

"ಅದು ನಂಗೆ ಹೋದ ವರ್ಷಾನೇ ಗೊತ್ತು," ಎಂದರು ಚಿಕ್ಕಮ್ಮ. "ಕಣ್ಣು ಹೋದ್ರೆ ಬೆರಳು ಹೋಗುತ್ತಾ? ಮುಂದಿನ ವಾರ ಬಂದು ಸವರಿ ನೋಡ್ತಿದ್ದೆ. ನನ್ನ ಹೊಲಿಗೆ ಅಲ್ಲಿರ್ತಾ ಇರಲಿಲ್ಲ. ಹೋಗ್ಲಿ, ಕೂರೋಕಾದ್ರೂ ಜಾಗ ಕೊಟ್ಟಿದ್ದಾರಲ್ಲ ಅಂದ್ಕೊಂಡು ಸುಮ್ಮನಾದೆ."

"ಮತ್ತೆ ನೆಟ್ಟಗಿದೆಯಾ ಅಂತ ಯಾಕೆ ಕೇಳ್ತಿದ್ರಿ?"

"ಯಾವತ್ತಾದ್ರೂ ನೀನು ಇಲ್ಲ ಅಂತೀಯೇನೋ ಅಂತ."

ಗೋಡೆಯಾಚೆ ಮೊಮ್ಮಕ್ಕಳು ಓಡಾಡುವ ಸದ್ದು.

"ವಿಚಾರಣೆಯ ದಿನ ಸಮಾಧಾನವಿದೆ ಅಂದ್ರಲ್ಲ," ಎಂದಳು ಅಲ್ಮೀಡ.

"ಸುಳ್ಳು ಹೇಳಿದೆ. ಇಲ್ಲ ಅಂದಿದ್ರೆ ನಿನ್ನ ಗಂಡ ಬಂದು ಈ ಕುರ್ಚಿ ಮೇಲೆ ಕೂತು, ಯಾರು ಏನಂದ್ರು ಅಂತ ಕೇಳೋನು. ನಾನು ಏನು ಹೇಳ್ಲಿ ಅವನಿಗೆ?" ಚಿಕ್ಕಮ್ಮ ದಾರ ಕಡಿದರು. "ಈಗ ನೀನು ಬಂದೆ, ನನ್ನದು ತೀರಿತು. ಮನಸ್ಸಲ್ಲಿ ಹುಳಿಯೇನೂ ಉಳಿದಿಲ್ಲ."

ಅಲ್ಮೀಡಳ ಎದೆ ಹಗುರಾಯಿತು. "ಭಾನುವಾರ ರೊಟ್ಟಿ ಮುರಿಯೋದಕ್ಕೆ ಮುಂಚೆ ಎದ್ದು ನಿಂತು ಎಲ್ಲರ ಮುಂದೆ ಹೇಳಿಬಿಡ್ತೀನಿ ಚಿಕ್ಕಮ್ಮ. ನಾನು ಏನು ಮಾಡಿದೆ, ಹೇಗೆ ಸುಳ್ಳು ಹೇಳಿದೆ, ಎಲ್ಲ."

ಚಿಕ್ಕಮ್ಮನ ಕೈ ನಿಂತಿತು.

"ಎಲ್ಲ ಅಂದ್ರೆ? ಸಲೋಮಿಗೆ ಹೊಲಿಯೋಕೆ ಬರಲ್ಲ, ಎರಡು ವರ್ಷದಿಂದ ನಾವೇ ಬಿಚ್ಚಿ ಹೊಲೀತಿದ್ದೀವಿ ಅಂತಾನಾ?"

"ಹೆಸರು ಹೇಳಲ್ಲ."

"ಸೂಜಿ ಕಾಣದ ಮುದುಕಿ ನಮ್ಮ ಸಭೇಲಿ ಇನ್ನೆಷ್ಟು ಜನ ಇದ್ದಾರೆ?" ದನಿ ಮೊದಲ ಸಲ ಗಡಸಾಯಿತು. "ಕುದುರೆ ಲಗಾಮು ಆಗಲೇ ನನ್ನ ಮಗ ತಗೊಂಡ. ಗಂಡಸರ ಬೆಂಚಲ್ಲಿ ಕೂತು ಇದನ್ನ ಕೇಳಿದ ದಿನ ಗುರುವಾರಾನೂ ತಗೋತಾನೆ. ಅಮ್ಮ, ಮನೇಲೇ ಕೂತ್ಕೋ ಅಂತಾನೆ. ನಿನ್ನ ಮನಸ್ಸು ತೊಳೆಯೋ ನೀರು ನನ್ನ ಮೇಲೆ ಸುರೀಬೇಡ ಅಲ್ಮೀಡ."

"ಹಾಗಾದ್ರೆ ನಾನೇನು ಮಾಡ್ಲಿ?"

"ಅದನ್ನ ನನ್ನ ಕೇಳ್ತೀಯಾ?" ಎಂದರು ಚಿಕ್ಕಮ್ಮ, ಮತ್ತೆ ಮೆತ್ತಗೆ. "ಕಡುಬು ತಿನ್ನು. ಅರ್ಧ ನೀನೇ ತಿಂದು ಹೋಗು."

ಶನಿವಾರ ಮಧ್ಯಾಹ್ನ ಆಮ್ಸಿ ಹಿತ್ತಿಲ ಜಗಲಿಯಲ್ಲಿ ಬಕೆಟ್ಟಿನೊಳಗೆ ಕಾಲಿಟ್ಟುಕೊಂಡು ಉಜ್ಜಿಕೊಳ್ಳುತ್ತಿದ್ದ. ಭೋಜನದ ದಿನ ಒಬ್ಬರು ಇನ್ನೊಬ್ಬರ ಪಾದ ತೊಳೆಯುವುದು ನಮ್ಮ ಪದ್ಧತಿ.

"ನಾಳೆ ತೊಳೆಸಿಕೊಳ್ಳೋ ಕಾಲನ್ನ ಇವತ್ತೇ ತೊಳೆದುಕೊಳ್ತೀವಿ ನೋಡು," ಎಂದ. "ಹೋದ ಸಲ ಎನೋಸಣ್ಣನ ಕಾಲು ಎಷ್ಟು ಬೆಳ್ಳಗಿತ್ತು ಅಂದ್ರೆ, ನೀರಿಗೇ ನಾಚಿಕೆ ಆಗಿರ್ಬೇಕು. ನೀನೂ ಬಾ, ನೀರು ಇನ್ನೂ ಬಿಸಿ ಇದೆ."

"ಆಮ್ಸಿ, ವಿಚಾರಣೆಯ ದಿನ ನಾನು ಸುಳ್ಳು ಹೇಳಿದೆ."

ಅವನು ಬ್ರಷ್ಷನ್ನು ಬಕೆಟ್ಟಿನ ಅಂಚಿಗಿಟ್ಟ.

"ಒಬ್ಬರಿಗೆ ತಪ್ಪು ಮಾಡಿದ್ದೆ. ಸಮಾಧಾನ ಇರಲಿಲ್ಲ. ಇದೆ ಅಂದೆ. ಆಮೇಲೆ ಅವರ ಹತ್ರ ಹೋಗಿ ಕೇಳಿಕೊಂಡೆ, ಅವರು ಕ್ಷಮಿಸಿದ್ರು."

"ಯಾರು?"

"ಹೇಳೋಕಾಗಲ್ಲ. ಹೇಳಿದ್ರೆ ಅವರಿಗೆ ನೋವಾಗುತ್ತೆ."

"ನಾನು ಸಭಾಸೇವಕ, ಅಲ್ಮೀಡ. ಊರಿನೋರ ಮನೆಗೆಲ್ಲ ಹೋಗಿ ಬಾಯಿ ಬಿಡಿಸ್ತೀನಿ. ನನ್ನ ಹೆಂಡತಿ ಹತ್ರ ಬಂದಾಗ ಹೋಗ್ಲಿ ಬಿಡು ಅಂದ್ರೆ ಜನ ಏನಂತಾರೆ?"

"ಬಿಡು ಅಂತ ನಾನು ಹೇಳ್ತಿಲ್ಲ. ನಾಳೆ ನಾನು ರೊಟ್ಟಿ ತಗೊಳ್ಳಲ್ಲ."

ಅವನು ಬಕೆಟ್ಟಿನಿಂದ ಕಾಲು ತೆಗೆದು ಒರೆಸಿಕೊಂಡ. ಕೊನೆಗೆ, "ಎನೋಸಣ್ಣನಿಗೆ ಹೇಳಬೇಕಾಗುತ್ತೆ," ಎಂದ. ಅವಳು ತಲೆಯಾಡಿಸಿದಳು. ಅವನು ಬಕೆಟ್ ಎತ್ತಿ ನೀರನ್ನು ಹುಲ್ಲಿಗೆ ಚೆಲ್ಲಿದ. ಅವಳೂ ಕಾಲು ತೊಳೆಯಬೇಕಿತ್ತು ಎಂಬುದನ್ನು ಮರೆತವನಂತೆ, ಅಥವಾ ನೆನಪಿದ್ದೇ.

ಭಾನುವಾರ ಹೆಂಗಸರ ಬೆಂಚು ಎದ್ದು ನಿಂತಾಗ ಅಲ್ಮೀಡ ಏಳಲಿಲ್ಲ. ಬಿಷಪ್ಪರು ರೊಟ್ಟಿ ಮುರಿದು ಒಬ್ಬೊಬ್ಬರ ಕೈಗೆ ಕೊಡುತ್ತಾ ಬಂದು, ಅವಳ ಮುಂದೆ ನಿಲ್ಲದೆ ಪಕ್ಕದವಳಿಗೆ ಕೊಟ್ಟರು. ದ್ರಾಕ್ಷಾರಸದ ಪಾತ್ರೆಯೂ ಹಾಗೇ ದಾಟಿತು. ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದು ಅಡಗಿತು. ಸಭಾಸೇವಕನ ಹೆಂಡತಿ ಎಂಥದ್ದೋ ಮಾಡಿರಬೇಕು. ಏನೆಂದು ಜನ ಸಂಜೆಯವರೆಗೆ ಹುಡುಕುತ್ತಾರೆ. ಅವಳ ಕಿವಿ ಸುಡುತ್ತಿತ್ತು. ಸಲೋಮಿಯ ಮಾನ ಕಾಯುತ್ತಿದ್ದೇನೆ ಎಂದುಕೊಂಡಳು. ಮರುಕ್ಷಣವೇ, ಅಣಕಿಸಿದ್ದು ಜನರಿಗೆ ತಿಳಿಯದೆ ಹೋದದ್ದಕ್ಕೆ ಒಳಗೊಳಗೇ ತನಗೆ ನೆಮ್ಮದಿಯಾಗಿದೆ ಎಂಬುದೂ ಕಂಡಿತು. ಅದು ರೊಟ್ಟಿ ತಪ್ಪಿದ್ದಕ್ಕಿಂತ ಹೆಚ್ಚು ನಾಚಿಕೆ ತಂದಿತು.

ಪಾದ ತೊಳೆಯುವ ಹೊತ್ತು ಬಂತು. ಆಮ್ಸಿ ಬಿಸಿನೀರಿನ ಬಕೆಟ್ ತಂದು ಬೋಗುಣಿಗಳಿಗೆ ತುಂಬುತ್ತಾ ಬಂದ. ಹೆಂಗಸರು ಪಕ್ಕದವರೊಂದಿಗೆ ಜೋಡಿಯಾಗಿ, ಒಬ್ಬರ ನಂತರ ಒಬ್ಬರು ಬಗ್ಗಿ ತೊಳೆದು, ಒರೆಸಿ, ಕೆನ್ನೆಗೆ ಮುತ್ತಿಟ್ಟು ಎದ್ದರು. ಕೊನೆಯಲ್ಲಿ ಸಲೋಮಿ ಚಿಕ್ಕಮ್ಮ ಉಳಿದರು. ಅಲ್ಮೀಡ ಹಿಂದೆ ಸರಿದದ್ದರಿಂದ ಜೋಡಿ ತಪ್ಪಿತ್ತು. ಅವರು ಆಗಲೇ ಕಾಲುಚೀಲ ಕಳಚಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಬರಿಗಾಲಲ್ಲಿ ಕಾಯುತ್ತಿದ್ದರು. ಯಾರಾದರೂ ಬರುತ್ತಾರೆಂದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

ಎರ್ಮಾ ತಲೆ ತಗ್ಗಿಸಿ ಕೂತಿದ್ದಳು.

ರೊಟ್ಟಿ ತೆಗೆದುಕೊಳ್ಳದವರು ಪಾದ ತೊಳೆಯುವಂತಿಲ್ಲ. ಅದು ಅಲ್ಮೀಡಳಿಗೆ ಚಿಕ್ಕಂದಿನಿಂದ ಗೊತ್ತು. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ತಾನು ಕ್ರಮ ಮೀರಿದಂತಾಗುತ್ತಿರಲಿಲ್ಲ. ಮುದುಕಿಯ ಬೆರಳುಗಳು ಚಳಿಗೆ ಒಂದರ ಮೇಲೊಂದು ಮುದುಡಿಕೊಂಡವು. ಅಲ್ಮೀಡ ಎದ್ದಳು.

ಬೋಗುಣಿ ಹಿಡಿದು ಗಂಡನ ಮುಂದೆ ನಿಂತಳು. ಆಮ್ಸಿ ಅವಳನ್ನು ನೋಡಿದ. ಬರಿಗಾಲ ಮುದುಕಿಯನ್ನು ನೋಡಿದ. ಹೆಂಡತಿ ತಪ್ಪು ಮಾಡಿದ್ದು ಯಾರಿಗೆಂದು ಅವನಿಗೆ ಆಗ ತಿಳಿಯಿತು. ಬಿಷಪ್ಪರ ಕಡೆ ತಿರುಗದೆ ಬಕೆಟ್ ಬಗ್ಗಿಸಿದ.

ಅವಳು ಮಂಡಿಯೂರಿದಳು. ತೊಳೆದಳು, ಬೆರಳ ಸಂದಿಗಳನ್ನೂ ಒರೆಸಿದಳು. ತೊಡೆಯ ಮೇಲಿನ ಕಾಲುಚೀಲದ ಹಿಮ್ಮಡಿಯಲ್ಲಿ ಆ ತೇಪೆ ಇತ್ತು: ಉದ್ದುದ್ದ ಹೊಲಿಗೆ, ಒಂದು ಮೇಲೆ, ಒಂದು ಕೆಳಗೆ, ಗಟ್ಟಿಯಾಗಿ ಎಳೆದದ್ದು. ಅದನ್ನು ಬಿಚ್ಚುವವರು ಯಾರೂ ಇರಲಿಲ್ಲ.

ಚಿಕ್ಕಮ್ಮ ತಡಕಾಡಿ ಅವಳ ಮುಖವನ್ನು ಹುಡುಕಿ, ಕೆನ್ನೆಗೆ ಮುತ್ತಿಟ್ಟರು. "ಕರ್ತನು ನಮ್ಮೊಂದಿಗಿರಲಿ," ಎಂದರು.

ಇದಕ್ಕೆ ನಮ್ಮಲ್ಲಿ ಹೇಳುವ ಉತ್ತರ "ಆಮೆನ್, ಸಮಾಧಾನದಲ್ಲಿ" ಎಂದು.

"ಆಮೆನ್," ಎಂದಳು ಅಲ್ಮೀಡ.

ಚಿಕ್ಕಮ್ಮ ಉಳಿದ ಮಾತಿಗಾಗಿ ಸ್ವಲ್ಪ ಕಾದರು. ಅದು ಬರಲಿಲ್ಲ. ಆಮೇಲೆ ಅವರು ಅಲ್ಮೀಡಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಬಗ್ಗಿ ಕಾಲುಚೀಲ ಏರಿಸಿಕೊಂಡರು.