ಎರಡೂ ಕಡೆ ಕಾಜಾ

ಬೆಟಗೇರಿಯ ರಹಮಾನಸಾಬರ ಹೊಲಿಗೆ ಅಂಗಡಿಯಲ್ಲಿ ಅಳತೆಯ ಪುಸ್ತಕ ಎರಡು. ನೀಲಿ ರಟ್ಟಿನದು ಗಂಡಸರದ್ದು, ಕೆಂಪು ರಟ್ಟಿನದು ಹೆಂಗಸರದ್ದು. ನಲವತ್ತೊಂದು ವರ್ಷದಲ್ಲಿ ಒಬ್ಬರ ಅಳತೆಯೂ ತಪ್ಪಿ ಇನ್ನೊಂದಕ್ಕೆ ಹೋಗಿಲ್ಲ ಎಂಬುದು ಅವರ ಹೆಮ್ಮೆ. ಹೆಂಡತಿ ಜೈಬುನ್ನೀಸಾ ಮಾತ್ರ, "ಪುಸ್ತಕ ಬರೋಬರಿ ಐತಿ, ನನ್ನ ಕುಪ್ಪಸದ ತೋಳಷ್ಟ ಇನ್ನೂ ಬರೋಬರಿ ಆಗಿಲ್ಲ" ಎನ್ನುತ್ತಾಳೆ.

ಆ ಸೋಮವಾರ ಮೊಮ್ಮಗಳು ರುಹಿ ಕಾಲೇಜಿನ ಗೆಳತಿ ಶ್ರೀಲಕ್ಷ್ಮಿಯನ್ನು ಕರೆತಂದಳು. ರುಹಿ ಬರೆದ ಕಾದಂಬರಿ ಶನಿವಾರ ಕಾಲೇಜಿನಲ್ಲಿ ನಾಟಕವಾಗುವುದಿತ್ತು. ನಾಯಕಿಯ ಪಾತ್ರ ಶ್ರೀಲಕ್ಷ್ಮಿಯದು. ಅದಕ್ಕೊಂದು ಕೋಟು ಬೇಕು.

"ಕತಿ ಏನವಾ?" ಅಜ್ಜ ಕೇಳಿದರು.

"ಎರಡು ಸಾವಿರದ ತೊಂಬತ್ತನೇ ಇಸವಿ, ದಾದಾ. ಗದಗಿನ ಸುತ್ತ ಗ್ವಾಡಿ. ಗಂಡಸರಿಗೊಂದು ಬಾಗಲಾ, ಹೆಂಗಸರಿಗೊಂದು. ಯಾವುದರಾಗ ಹೊಕ್ಕೀರಿ ಅದರ ಮ್ಯಾಲೆ ಜೀವನಾ ಎಲ್ಲಾ ಠರಾವು. ಹನಮಂತವ್ವ ಅನ್ನಾಕಿ ಎರಡೂ ಒಲ್ಲೆ ಅಂತಾಳ."

"ತೊಂಬತ್ತರಾಗೂ ಹನಮಂತವ್ವ ಅಂತ ಹೆಸರಿಡ್ತಾರೇನ?" ಒಳಗಿಂದ ಜೈಬುನ್ನೀಸಾ.

"ಹಳೇ ಹೆಸರು ತಿರುಗಿ ಫ್ಯಾಶನ್ ಆಗಿರ್ತಾವ, ದಾದಿ."

"ಬಾಗಲದ ಕಾವಲಿನವರಿಗೆ ಯಾರು ಏನಂತ ಹೆಂಗ ತಿಳಿತೈತಿ?" ಎಂದರು ರಹಮಾನಸಾಬರು.

"ಅಂಗಿ ಗುಂಡಿ ನೋಡಿ. ಬಲಕ್ಕಿದ್ರ ಗಂಡಸು, ಎಡಕ್ಕಿದ್ರ ಹೆಂಗಸು. ನೀವ ಹೇಳಿಕೊಟ್ಟದ್ದಲ್ಲೇನ ಅದು?"

ರಹಮಾನಸಾಬರು ನಕ್ಕರು, ಆದರೆ ಪೂರ್ತಿ ನಗಲಾಗಲಿಲ್ಲ. ಕತೆಯ ಆ ದುಷ್ಟ ಸರಕಾರಕ್ಕೆ ಗುಂಡಿ ಹಚ್ಚಿಕೊಟ್ಟವನು ತಾನೇ ಎಂದಾಯಿತು.

ಟೇಪು ತೆಗೆದು ಕೆಂಪು ಪುಸ್ತಕ ಬಿಚ್ಚಿದರು.

"ಅಜ್ಜಾರ, ಅದರಾಗ ಬರೀಬ್ಯಾಡ್ರಿ" ಎಂದಳು ಶ್ರೀಲಕ್ಷ್ಮಿ. ನೀಲಿಯದಕ್ಕೆ ಕೈ ಹಾಕಿದರು. "ಅದರಾಗೂ ಬ್ಯಾಡ್ರಿ."

"ಇದು ನಾಟಕದಾಗಿನ ಮಾತೇನು?"

"ನಾಟಕ ಶನಿವಾರ ಮುಗಿತೈತ್ರಿ. ನನಗ ಇದು ಮುಗಿಯೂದಲ್ಲ. ಎರಡರಾಗೂ ನಾ ಕೂಡಂಗಿಲ್ಲ. ಒಂದ ಕಡೆ ಗುಂಡಿ ಹಚ್ಚಿದ್ರ ನಾ ಸ್ಟೇಜ್ ಹತ್ತಂಗಿಲ್ರಿ." ಸ್ವಲ್ಪ ತಡೆದು, "ನನಗ ಶ್ರೀ ಅನ್ರಿ, ಸಾಕು."

ಟೇಪು ಹಿಡಿದವನೆದುರು ಜನ ಡಾಕ್ಟರಿಗೂ ಹೇಳದ್ದನ್ನು ಹೇಳುತ್ತಾರೆ. ಆದರೂ ಇಂಥದ್ದು ಇದೇ ಮೊದಲು. ರಹಮಾನಸಾಬರು ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಬೆನ್ನಿಗೆ ಅಳತೆ ಬರೆದುಕೊಂಡರು. ಮೇಲೆ ಬರೆದ ಹೆಸರು: ಶ್ರೀ.

ಗುರುವಾರದ ಹೊತ್ತಿಗೆ ಕೋಟು ಸಿದ್ಧವಾಗಿತ್ತು, ಗುಂಡಿ ಯಾವ ಕಡೆ ಎಂಬುದೊಂದನ್ನು ಬಿಟ್ಟು.

"ಜಿಪ್ ಹಚ್ಚಿ ಕೈ ತೊಳಕೋರಿ" ಎಂದಳು ಜೈಬುನ್ನೀಸಾ.

"ಜಿಪ್ ಹಚ್ಚಿದ್ರ ಕಾವಲಿನವರು ಏನ ನೋಡ್ಬೇಕು? ಕತಿ ಕೆಡ್ತೈತಿ."

"ಹಂಗಾರ ನಿಮ್ಮ ನಿಕಾಹದ ಕುರ್ತಾ ನೆನಸ್ಕೋರಿ. ಅದರ ಗುಂಡಿ ಕಳದು ಮಂದಿನ್ನೆಲ್ಲಾ ಹುಡುಕಾಕ ಹಚ್ಚಿದ್ರಿ."

ರಹಮಾನಸಾಬರು ಎದ್ದು ಟ್ರಂಕು ತೆಗೆದರು. ಕುರ್ತಾದ ಬೆಳ್ಳಿ ಗುಂಡಿಗಳು ಸರಪಳಿಯಲ್ಲಿ ಪೋಣಿಸಿದವು, ಬಟ್ಟೆಗೆ ಹೊಲಿದವಲ್ಲ. ಎರಡೂ ಅಂಚಿಗೆ ಕಾಜಾ, ಅಂದರೆ ಗುಂಡಿಯ ತೂತು, ಇದ್ದರೆ ಸಾಕು, ಗುಂಡಿ ತೂರಿಸಿ ಹಾಕಿಕೊಳ್ಳುವುದು. ಎಡ ಮೇಲೋ ಬಲ ಮೇಲೋ, ತೊಟ್ಟವರ ಮರ್ಜಿ. ಸಂಜೆಯೊಳಗೆ ಕೋಟಿನ ಎರಡೂ ಅಂಚಿಗೆ ಐದೈದು ಕಾಜಾ ಕೈಯಿಂದಲೇ ಹೊಲಿದರು.

ಶನಿವಾರ ಹನಮಂತವ್ವ ವೇದಿಕೆಗೆ ಬಂದಳು. ಗುಂಡಿ ನೋಡಿದ ಕಾವಲಿನವನು ಗಂಡಸರ ಬಾಗಿಲು ತೋರಿಸಿದ. ಅವನೆದುರಿಗೇ ಗುಂಡಿ ಬಿಚ್ಚಿ, ಅಂಚು ಬದಲಿಸಿ ಹಾಕಿಕೊಂಡಳು. ಅವನು ಹೆಂಗಸರ ಬಾಗಿಲು ತೋರಿಸಿದ. ಮತ್ತೆ ಬಿಚ್ಚಿದಳು. ನಾಲ್ಕನೆಯ ಸಲಕ್ಕೆ ಕಾವಲಿನವನು ತನ್ನ ಗುಂಡಿಯನ್ನೇ ಬಗ್ಗಿ ನೋಡಿಕೊಂಡ, ಸಭೆಯೆಲ್ಲ ನಕ್ಕಿತು. ರಹಮಾನಸಾಬರು ಕೋಟಿನ ಭುಜವನ್ನಷ್ಟೇ ನೋಡುತ್ತಿದ್ದರು. ಸರಿಯಾಗಿ ಕೂತಿತ್ತು.

ಸೋಮವಾರ ಗುಂಡಿ ಮರಳಿಸಲು ಬಂದದ್ದು ಶ್ರೀ, ಅದೇ ಕೋಟಿನಲ್ಲಿ.

"ಇಟ್ಕೋ. ಮುಂದಿನ ಅಂಗಿಗೆ ಬೇಕಾಗ್ತಾವ" ಎಂದು ರಹಮಾನಸಾಬರು ಹಳದಿ ರಟ್ಟಿನ ಹೊಸ ಪುಸ್ತಕ ತೆಗೆದು, ಕ್ಯಾಲೆಂಡರಿನ ಹಾಳೆ ನೋಡಿ ಮೊದಲ ಪುಟದಲ್ಲಿ ಅಳತೆ ಇಳಿಸಿಕೊಂಡರು.

"ಒಬ್ಬರ ಸಲುವಾಗಿ ಇನ್ನೂರು ಪುಟದ್ದು ಯಾಕ್ರಿ?" ಎಂದಳು ಜೈಬುನ್ನೀಸಾ.

"ಸಣ್ಣದು ಸಿಗಲಿಲ್ಲ."

"ಹಂಗಾರ ನನ್ನ ತೋಳಿನ ಅಳತಿನೂ ಇದರಾಗ ಬರಕೋರಿ. ಕೆಂಪದರಾಗ ಇಟ್ಟು ನೋಡಿದ್ದಾತು."