ಕೋತಿ ತಿಂದದ್ದೇನು

ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಯಾವ ಗಿರಾಕಿ ತಾನೇ ಎದುರು ಮಾತಾಡುತ್ತಾನೆ? ಆ ಧೈರ್ಯದಿಂದಲೇ ಕ್ಷೌರದಂಗಡಿಯ ಯಜಮಾನ ದಿನವಿಡೀ ಮಗಳ ಗುಣಗಾನ ಮಾಡುತ್ತಿದ್ದ. ಅವಳು ಕಾಡಿನಲ್ಲಿ ಕೋತಿಗಳ ಹಿಂದೆ ಅಲೆದು, ಅವು ಯಾವ ಕಾಲದಲ್ಲಿ ಏನು ತಿನ್ನುತ್ತವೆಂದು ನೋಡಿ, ಡಾಕ್ಟರೇಟಿಗೆ ಪ್ರಬಂಧ ಬರೆದಿದ್ದಳು.

"ಕೋತಿ ಹಣ್ಣು ನುಂಗುತ್ತೆ, ದೂರ ಹೋಗಿ ಬೀಜ ಉದುರಿಸುತ್ತೆ, ಅಲ್ಲೊಂದು ಮರ ಏಳುತ್ತೆ. ಕಾಡು ನೆಡೋರೇ ಅವು ಸ್ವಾಮಿ! ಕಣ್ಣಾರೆ ನೋಡಿ ಬಂದಿದ್ದಾಳೆ ನನ್ನ ಮಗಳು," ಎಂದು ನೊರೆ ಮೆತ್ತಿದ ಕೆನ್ನೆಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕ ಬೀದಿಯವರು ಅವನಿಗೆ 'ಕೋತಿಯಪ್ಪ' ಎಂದು ಹೆಸರಿಟ್ಟರು. ಅದನ್ನೂ ಅವನು ಬಿರುದೆಂದೇ ಸ್ವೀಕರಿಸಿದ.

ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಮಗಳು ತಿಂಡಿ ಮುಟ್ಟಲಿಲ್ಲ.

"ಅಪ್ಪಾ, ನೀನು ಬರ್ಬೇಡ."

"ಯಾಕೆ ಪುಟ್ಟಿ?"

"ಮೊದಲ್ನೇ ವರ್ಷ ಕಾಡಲ್ಲಿ ನೋಡಿ ಬರ್ಕೊಂಡಿದ್ದು ತಪ್ಪಾಗಿದೆ. ಪ್ರಬಂಧ ಕೊಟ್ಟ ಮೇಲೆ ಗೊತ್ತಾಯ್ತು. ಒಪ್ಕೊಂಡ್ರೆ ಪದವಿ ಕೈತಪ್ಪುತ್ತೆ. ಸುಮ್ನಿದ್ರೆ ಯಾರಿಗೂ ತಿಳಿಯಲ್ಲ."

"ಹಾಗಿದ್ರೆ ಸುಮ್ನಿರು ತಾಯಿ!"

ಮನೆತನದ ಬುದ್ಧಿಯೇ ಅದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ವಂಶ. ಅವನ ಅಜ್ಜ ಕೈತಪ್ಪಿ ಗಿರಾಕಿಯೊಬ್ಬನ ಅರ್ಧ ಮೀಸೆ ಹಾರಿಸಿ, ಈಗ ಇದೇ ಫ್ಯಾಷನ್ ಎಂದು ವಾದಿಸಿ ಕಳಿಸಿದ್ದ.

ಬೇಡವೆಂದರೂ ಅಪ್ಪ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಪರದೆಯ ಮೇಲೆ ಕೊಂಬೆಗೆ ಒರಗಿದ ಕೋತಿಯ ಚಿತ್ರವಿತ್ತು, ಅದರ ಕೈಯಲ್ಲೊಂದು ಹಣ್ಣು. ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು, ಮೊದಲ ವರ್ಷದ ಅಧ್ಯಾಯವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

"ಮೇಡಂ, ಆ ಅಧ್ಯಾಯನೇ ತಪ್ಪು," ಅಂದಳು ಮಗಳು.

ಹೇಗೆಂದು ಕೇಳಿದರು ಪರೀಕ್ಷಕಿ.

"ಕೆಳಗೆ ನಿಂತು ನೋಡ್ದೆ. ಕೈಯಲ್ಲಿ ಹಣ್ಣಿತ್ತು, ಬಾಯಿ ಆಡ್ತಿತ್ತು. ಹಣ್ಣು ತಿಂದಿತು ಅಂತ ಬರ್ಕೊಂಡೆ. ಮೊನ್ನೆ ಮತ್ತೆ ಹೋಗಿ ಮರದ ಬುಡದಲ್ಲಿ ಹುಡುಕಿದ್ರೆ ತಿರುಳೆಲ್ಲ ನೆಲದ ಮೇಲೇ ಬಿದ್ದಿತ್ತು, ಬೀಜ ಮಾತ್ರ ಇಲ್ಲ. ಹಿಕ್ಕೆ ತೊಳೆದು ಸೋಸಿದೆ, ಇಡೀ ಬೀಜ ಒಂದೂ ಸಿಗ್ಲಿಲ್ಲ. ಅವು ತಿರುಳು ಬಿಸಾಕಿ, ಬೀಜಾನ ಅಗಿದು ತಿಂತಾವೆ. ಬೇರೆ ಮರ ನೆಡ್ತಾವೋ ಏನೋ, ಈ ಮರಾನಂತೂ ನೆಡಲ್ಲ. ನಾನು ಕೈ ನೋಡ್ದೆ, ಬಾಯೊಳಗೆ ಏನು ಹೋಯ್ತು ಅಂತ ನೋಡ್ಲಿಲ್ಲ. ತಪ್ಪು ನಂದು."

ಅಪ್ಪನಿಗೆ ಮೊದಲು ನೆನಪಾದದ್ದು ಗಿರಾಕಿಗಳು. ನಾಳೆ ಯಾವ ಮುಖ ಇಟ್ಟುಕೊಂಡು ಅಂಗಡಿ ತೆಗೆಯುವುದು? ಆಮೇಲೆ ಅವಳ ಕಡೆ ನೋಡಿದ. ಅವನ ಮನೆತನದಲ್ಲಿ ಯಾರ ಬಾಯಿಂದಲೂ ಹೊರಡದ ಮಾತನ್ನು ಅವಳು ತಲೆ ತಗ್ಗಿಸದೆ, ದನಿ ನಡುಗಿಸದೆ ಆಡಿಬಿಟ್ಟಿದ್ದಳು. ಅವನ ಎದೆ ತುಂಬಿ ಬಂತು.

"ಹಾಗಾದ್ರೆ ಇವತ್ತು ಪದವಿ ಇಲ್ಲಮ್ಮ," ಅಂದರು ಪರೀಕ್ಷಕಿ, ಮೆಲ್ಲಗೆ. "ಇನ್ನೊಂದು ವರ್ಷ ಕಾಡಲ್ಲಿ ಕೂತು ಮೊದಲಿಂದ ನೋಡ್ಬೇಕು."

"ಕೂರ್ತೀನಿ ಮೇಡಂ."

ಅಪ್ಪನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೊಚಗುಟ್ಟಿದರು. "ಯಾರ ಮಗಳೋ ಪಾಪ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡ್ಲು."

ಕೋತಿಯಪ್ಪ ಎದ್ದು ನಿಂತ.

"ನನ್ನ ಮಗಳು ಸ್ವಾಮಿ," ಅಂದ, ಮುಂದಿನ ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ನನ್ನ ಮಗಳು!"